ಕೆಂದಿಗೆ ಕುಡಿಸಿದ ಹೊಗೆಸೊಪ್ಪಿನ ಕಷಾಯ

ಕುರಿಯ ಬಾಯಿ ಬಿಡಿಸಿ ಹಿಡಿದುಕೊಂಡಿದ್ದವನು ನಾನೇ. ಕಷಾಯ ಗಂಟಲಿಗಿಳಿದು ಸ್ವಲ್ಪ ಹೊತ್ತಿಗೆಲ್ಲ ಅದರ ತುಟಿ ಅದುರತೊಡಗಿತು. ಜೊಲ್ಲು ಸುರಿಯಿತು. ಮುಂಗಾಲು ಮಡಚಿ ನನ್ನ ಕಾಲಮೇಲೇ ಕುಸಿಯಿತು.

ಕಳೆದ ಭಾನುವಾರದ ಮಾತು. ಹಳ್ಳಿಮೈಸೂರಿನಾಚೆ, ಪುಟ್ಟರಾಜುವಿನ ಕುರಿ ಕೊಟ್ಟಿಗೆಯಲ್ಲಿ.

ಪುಟ್ಟರಾಜು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಕುರಿಗಳು ಮಾತ್ರ ಅವನವಲ್ಲ, ಹೆಂಡತಿ ಜಯಮ್ಮನವು. ತವರಿನಿಂದ ಹೊಡೆದುಕೊಂಡು ಬಂದ ಹಿಂಡಿನ ಸಂತಾನ. ಈಗ ಬಿದ್ದಿದ್ದು ಕೆಂದಿ, ಆಕೆಯ ಮುದ್ದಿನ ಕುರಿ.

ಹೋದ ಮಳೆಗಾಲದಿಂದ ಹಿಂಡಿಗೆ ಏನೋ ಆಗಿತ್ತು. ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಬಾವು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣದ ಬಿಳುಪು. ಹೊಟ್ಟೆಯೊಳಗಿನ ಜಂತುಹುಳು ರಕ್ತ ಹೀರಿದ್ದರ ಗುರುತು. ಬೆಳಿಗ್ಗೆ ಮೇದ ಕುರಿ ಸಂಜೆ ಸತ್ತಿರುತ್ತಿತ್ತು.

ಔಷಧಿ ಕೊಟ್ಟಿರಲಿಲ್ಲವೇ? ಧಾರಾಳವಾಗಿ ಕೊಟ್ಟಿದ್ದರು! ಅಮಾವಾಸ್ಯೆ ಬಂತೆಂದರೆ ಸಾಕು, ಅದೇ ಬಾಟಲಿ, ಎಲ್ಲ ಕುರಿಗೂ ಒಂದೊಂದು ಗುಟುಕು. ಬಾಟಲಿ ಸಾಲದಿದ್ದರೆ ಒಂದಿಷ್ಟು ನೀರು. ಮೊದಮೊದಲು ಹುಳು ಉದುರಿದವು. ಆಮೇಲೆ ಉದುರಲಿಲ್ಲ.

ಹಾಸನದ ಪಶುವೈದ್ಯರೊಬ್ಬರು ಹಿಕ್ಕೆ ಪರೀಕ್ಷೆ ಮಾಡಿಸಿದರು. ಔಷಧಿ ಕುಡಿಸಿದ ಮೇಲೂ ಹುಳುವಿನ ಮೊಟ್ಟೆ ಹಾಗೇ ಇತ್ತು. "ಸಾಯೋ ಹುಳು ಎಲ್ಲಾ ಸತ್ತಾಯ್ತು. ಸಾಯದೇ ಇರೋವೇ ಮರಿ ಮಾಡ್ತಾ ಇವೆ" ಎಂದರು. ರೆಪ್ಪೆ ಬೆಳ್ಳಗಾದ ಕುರಿಗೆ ಮಾತ್ರ, ಬೇರೆ ಔಷಧಿ, ತೂಕ ನೋಡಿ ಕೊಡಿ; ಗಟ್ಟಿಯಾಗಿರುವವನ್ನು ಬಿಡಿ; ಅವುಗಳ ಹೊಟ್ಟೆಯಲ್ಲಿ ಔಷಧಿಗೆ ಸಾಯುವ ಹುಳುವಿನ ತಳಿಯೂ ಉಳಿದಿರಲಿ, ಇಲ್ಲದಿದ್ದರೆ ಸಾಯದ ಹುಳುವೇ ಹಿಂಡನ್ನೆಲ್ಲ ತುಂಬುತ್ತದೆ ಎಂದು ಬಿಡಿಸಿ ಹೇಳಿದರು.

ಜಯಮ್ಮನಿಗೆ ಇದು ಅರ್ಥವಾಗಲಿಲ್ಲ ಎನ್ನಲಾರೆ. ಒಪ್ಪಿಗೆಯಾಗಲಿಲ್ಲ.

"ಒಂದುಕ್ಕೆ ಕುಡ್ಸಿ ಇನ್ನೊಂದುನ್ನ ಬುಡಕಾಯ್ತದಾ ಅಣ್ಣಾ? ಪಂಕ್ತಿಭೇದ ಮಾಡ್ದಂಗಲ್ವಾ?" ಎಂದು ನನ್ನನ್ನೇ ಕೇಳಿದ್ದಳು.

ಊಟದ ಸಾಲಿನಲ್ಲಿ ಒಬ್ಬರಿಗೆ ಬಡಿಸಿ ಪಕ್ಕದವರನ್ನು ದಾಟಿಹೋಗುವುದನ್ನು ನಮ್ಮ ಕಡೆ ಯಾರು ಸಹಿಸುತ್ತಾರೆ? ಔಷಧಿಯೂ ಆಕೆಗೆ ಬಡಿಸುವ ಸಂಗತಿಯೇ.

ವೈದ್ಯರು ಇನ್ನೊಂದು ಮಾತನ್ನೂ ಹೇಳಿದ್ದರು. ಮುತ್ತುಗದ ಬೀಜ, ಬೇವು, ಜಾಲಿಯಂಥ ಒಗರು ಸೊಪ್ಪು, ಇವುಗಳ ಸತ್ವಕ್ಕೆ ಹುಳು ಬಗ್ಗುತ್ತದೆಯೇ ಎಂಬ ಪರೀಕ್ಷೆಗಳು ನಡೆದಿವೆ, ಕೆಲವುಗಳಲ್ಲಿ ಗುಣವೂ ಕಂಡಿದೆ, ಆದರೆ ಎಷ್ಟು ಕೊಡಬೇಕೆಂಬುದು ತಿಳಿಯದೆ ಯಾರೂ ಕೈಹಾಕಬೇಡಿ ಎಂದು.

ಊರಿಗೆ ತಲುಪಿದ್ದು ಮಾತಿನ ಮೊದಲರ್ಧ ಮಾತ್ರ: ಗಿಡದ ಮದ್ದಿಗೆ ಹುಳು ಸಾಯುತ್ತದೆ. (ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹೆಡ್ಡಿಂಗ್ ಓದಿ ಮಡಚಿಡುವವರೇ ಹೆಚ್ಚು.)

ಜಯಮ್ಮನ ಅಣ್ಣ ಸಣ್ಣಪ್ಪ ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವವನು. ಆ ಭಾನುವಾರ ಸೊಪ್ಪು ಕುದಿಸಿದ ಕಷಾಯವನ್ನು ಕ್ಯಾನಿನಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬಂದಿದ್ದ. ಮುಚ್ಚಳ ತೆಗೆದರೆ ಮೂಗು ಉರಿಯುತ್ತಿತ್ತು.

"ಬೀಡಿ ಸೇದಿ ನೀನೇ ಗೊಕ್ಕ್ ಗೊಕ್ಕ್ ಅಂತೀಯ, ಇದ್ನ ಕುರಿಗ್ ಕುಡಿಸ್ತೀಯೇನ್ಲಾ ಭಾವ?" ಎಂದು ಪುಟ್ಟರಾಜು ರೇಗಿಸಿದ.

"ನಾನ್ ಕೆಮ್ತೀನಿ ಕಣಯ್ಯ, ನನ್ ಒಟ್ಟೇಲಿ ಒಂದ್ ಉಳ ಐತಾ ಕೇಳು!" ಎಂದವನು ನನ್ನತ್ತ ತಿರುಗಿದ. "ಗಿಡದ್ದು ಸಾ ಇದು. ಇಂಗ್ಲಿಷ್ ಔಷ್ದಿ ಅಲ್ಲ. ಏನೂ ಆಗಕಿಲ್ಲ."

ಮೊದಲು ಒಂದಕ್ಕೆ ಕುಡಿಸಿ ನೋಡೋಣ ಎಂದೆ. ಬಾವು ದೊಡ್ಡದಿದ್ದುದು ಕೆಂದಿಗೆ.

ಆಮೇಲಿನದನ್ನು ಹೇಳಿದೆನಲ್ಲ.

ಮೊಬೈಲಿಗೆ ಸಿಗ್ನಲ್ ಸಿಗುವುದು ಕೆರೆ ಏರಿಯ ಮೇಲೆ. ಓಡಿದೆ. ವೈದ್ಯರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಹೊಗೆಸೊಪ್ಪಾ? ಅದು ವಿಷ ಕಣ್ರೀ! ಇನ್ನೊಂದು ಹನಿ ಯಾವುದಕ್ಕೂ ಕೊಡಬೇಡಿ. ಬಾಯಿಗೆ ನೀರೂ ಹಾಕಬೇಡಿ. ಹೊರಟೆ."

ವಾಪಸು ಬಂದಾಗ ಜಯಮ್ಮ ಕೆಂದಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕುರಿಯ ಮೈಯೆಲ್ಲ ನಡುಗುತ್ತಿತ್ತು. ಹೊಟ್ಟೆ ಏರಿಳಿಯುತ್ತಿದೆಯೇ ಇಲ್ಲವೇ ಎಂದು ನಾವೆಲ್ಲ ಅದನ್ನೇ ನೋಡುತ್ತ ನಿಂತೆವು. ಸಣ್ಣಪ್ಪ ಕ್ಯಾನಿನ ಮುಚ್ಚಳ ತಿರುವಿ ಬಿಗಿಮಾಡಿದ. ಉಳಿದ ಕುರಿಗಳು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು.

ನನ್ನ ತಲೆಯಲ್ಲಿ ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಸುಳಿಯುತ್ತಿತ್ತು. ದೊಡ್ಡವನಿಗೆ ಜ್ವರಕ್ಕೆ ಬರೆದ ಆ್ಯಂಟಿಬಯಾಟಿಕ್ ಸಿರಪ್ ಅಲ್ಲಿದೆ. ಉಳಿದದ್ದು ಚಿಕ್ಕವಳ ಕೆಮ್ಮಿಗೆ. ಇನ್ನೂ ಉಳಿದರೆ ಪಕ್ಕದ ಮನೆಗೆ. ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ನಮ್ಮ ರೆಪ್ಪೆ ಎಳೆದು ನೋಡುವವರು ಯಾರು? ನಾಳೆ ಮಗುವಿಗೆ ನಿಜವಾಗಿ ಬೇಕಾದ ದಿನ ಆ ಔಷಧಿಗೆ ರೋಗ ಹೆದರದಿದ್ದರೆ?

ವೈದ್ಯರು ಬಂದರು. ಇಂಜೆಕ್ಷನ್ ಕೊಟ್ಟರು. ಕುರಿ ಸುಳಿಯದ ಕಡೆ ಗುಂಡಿ ತೆಗೆಸಿ, ಕ್ಯಾನಿನಲ್ಲಿದ್ದ ಕಷಾಯವನ್ನೆಲ್ಲ ಸುರಿಸಿದರು. ಬದುಕಿದರೆ ಇದರ ಅದೃಷ್ಟ, ಎಲ್ಲದರದ್ದೂ ಹಾಗಿರುವುದಿಲ್ಲ ಎಂದು ಎಚ್ಚರಿಸಿ ಹೊರಟರು.

ಹೊತ್ತು ಇಳಿಯುವಾಗ ಕೆಂದಿ ಒಮ್ಮೆ ಕೊಸರಿತು. ಕಾಲೂರಿತು. ಎದ್ದು ನಿಂತು ಗೋಡೆಗೆ ಒರಗಿತು. ಜಯಮ್ಮ ಸೆರಗಿನಿಂದ ಅದರ ಬಾಯಿ ಒರೆಸಿ, ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೇಲಿಯಾಚೆ ಆಗಲೇ ಅಕ್ಕಪಕ್ಕದ ಕುರಿಯವರು ಸೇರಿದ್ದರು. ಒಬ್ಬಾಕೆಯ ಕೈಯಲ್ಲಿ ಕಷಾಯಕ್ಕೆಂದು ತಂದ ಖಾಲಿ ಬಾಟಲಿಯಿತ್ತು.

ಸಣ್ಣಪ್ಪ ದನಿ ಏರಿಸಿದ. "ನೋಡುದ್ರಾ ಸಾ? ಉಳ ಸಾಯುವಾಗ ವಸಿ ಒದ್ದಾಡ್ತು, ಅಷ್ಟೇಯ. ಡಾಕ್ಟ್ರು ಚೆಲ್ಲುದ್ರೆ ಚೆಲ್ಲಲಿ. ನಮ್ಮೂರಲ್ಲಿ ಸೊಪ್ಪಿಗೇನ್ ಬರವಾ?"

ಹುಳು ಸತ್ತಿತೇ? ಹಿಕ್ಕೆಯನ್ನು ಯಾರೂ ನೋಡಿಲ್ಲ. ಇಂಜೆಕ್ಷನ್ನನ್ನಂತೂ ಎಲ್ಲರೂ ಮರೆತಾಗಿತ್ತು.

ವೈದ್ಯರ ಇಂಜೆಕ್ಷನ್ ಇತ್ತಲ್ಲ ಎಂದು ನಾನು ಹೇಳಿದೆ. ಮತ್ತೆ ಹೇಳಿದೆ. ಜಯಮ್ಮ ಮೂಲೆಯಲ್ಲಿದ್ದ ಹಿಂಡಿನತ್ತ ನೋಡುತ್ತಿದ್ದಳು. ಆಕೆಯ ದನಿಯಲ್ಲಿ ತಾಯಿಯ ಅಕ್ಕರೆಯಲ್ಲದೆ ಬೇರೇನೂ ಇರಲಿಲ್ಲ.

"ಕೆಂದಿ ಒಬ್ಳೇ ಬದುಕ್ಬೇಕಾ ಅಣ್ಣಾ? ಮಿಕ್ಕವೇನ್ ಪಾಪ ಮಾಡವೆ?"

ಕೆಂದಿ ಏಳದೇ ಹೋಗಿದ್ದರೆ, ಆ ಕಷಾಯ ಕುಡಿಯದೆ ಮಿಕ್ಕವಾದರೂ ಬದುಕುತ್ತಿದ್ದವೇನೋ.