ಮಾಸ್ಕು ತೋರಿಸಿಕೊಟ್ಟ ಕಿವುಡು

ಊರಿಗೆಲ್ಲ ಮಾಸ್ಕು ಕಟ್ಟಿಕೊಳ್ಳುವ ಕಾಲ ಬರದಿದ್ದರೆ ನಾನು ಕಿವುಡನಾಗಿದ್ದೇನೆಂಬುದು ನನಗೆ ಇವತ್ತಿಗೂ ತಿಳಿಯುತ್ತಿರಲಿಲ್ಲ. ಆ ರೋಗಕ್ಕೆ ಎಲ್ಲರಂತೆ ನಾನೂ ಶಾಪ ಹಾಕಿದವನೇ. ಆದರೆ ಮಾಸ್ಕಿಗೆ ಮಾತ್ರ ಋಣಿ.

ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ. ಮಗ್ಗಗಳ ಖಟಖಟದಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಅಷ್ಟೇ. ನಮ್ಮ ಮಾತೆಲ್ಲ ತುಟಿಯದು, ಕೈಯದು. ಹೆಬ್ಬೆರಳು ಬಾಯಿಗೆ ಹಿಡಿದರೆ ಚಹಾ. ಮೀಸೆ ತಿರುವಿದರೆ ಮಾಲಕರು ಬಂದರೆಂದು ಅರ್ಥ. ತುಟಿ ನೋಡಿದರೆ ಸಾಕು, ಮರಾಠಿಯೋ ಕನ್ನಡವೋ, ಬೈಗುಳವೋ ಚೇಷ್ಟೆಯೋ ತಿಳಿಯುತ್ತಿತ್ತು. ಮೀಸೆ ಚಿಗುರುವ ವಯಸ್ಸಿಗೇ ಬಂದು ಸೇರಿದವನು ಈ ವಿದ್ಯೆಯಲ್ಲಿ ಎಷ್ಟು ಪಳಗಿದೆನೆಂದರೆ, ಪೇಟೆಯಲ್ಲೂ ಮನೆಯಲ್ಲೂ ಜನರ ಮಾತನ್ನು ನಾನು ಕೇಳುತ್ತಿಲ್ಲ, ನೋಡುತ್ತಿದ್ದೇನೆ ಎಂಬುದೇ ನನ್ನ ಗಮನಕ್ಕೆ ಬರಲಿಲ್ಲ.

ಮಾಸ್ಕು ಬಂದದ್ದೇ ತಡ, ಊರಿಗೆ ಊರೇ ನನ್ನೊಡನೆ ಮಾತು ಬಿಟ್ಟಂತಾಯಿತು. ಓಣಿಯ ಕಿರಾಣಿ ಅಂಗಡಿಯವನು ಒಂದು ದಿನ ಏನೋ ಅಂದ. "ಅರ್ಧಾ ಕಿಲೋ" ಎಂದೆ. ನಿಂತವರೆಲ್ಲ ನಕ್ಕರು. ಅವನು ಕೇಳಿದ್ದು, ಚೀಲ ತಂದಿದ್ದೀರಾ ಅಂತಂತೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಮನೆಗೆ ಬಂದು ಹೆಂಡತಿಯ ಮುಂದೆ ಹಾರಾಡಿದೆ: "ಎಲ್ಲಾರಿಗೂ ಸೊಕ್ಕು ಬಂದೈತಿ. ಬಾಯಿ ಬಿಟ್ಟು ಮಾತಾಡಾಕ ಏನ್ ಧಾಡಿ ಇವರಿಗೆ?"

ಹಿಟ್ಟು ನಾದುತ್ತಿದ್ದವಳು ಕೈ ತೊಳೆದು ಬಂದು ನನ್ನೆದುರು ನಿಂತಳು. "ಯಾರಿಗೂ ಸೊಕ್ಕು ಬಂದಿಲ್ರಿ. ನಿಮಗ ಕೇಳಸಂಗಿಲ್ಲ. ನಾಳಿಗೆ ಕೊಲ್ಲಾಪುರಕ್ಕ ಹೋಗೂನು, ಕಿವಿ ಡಾಕ್ಟರ್ ಕಡೆ" ಎಂದಳು. ಮರುದಿನ ಬೆಳಿಗ್ಗೆ ಇಬ್ಬರೂ ಕೊಲ್ಲಾಪುರದ ಬಸ್ಸು ಹತ್ತಿದೆವು.

ಮಾಸ್ಕಿನೊಳಗಿಂದ ಡಾಕ್ಟರು ಕೇಳಿದ ಒಂದು ಪ್ರಶ್ನೆಯೂ ನನಗೆ ತಿಳಿಯಲಿಲ್ಲ. ಎಲ್ಲಕ್ಕೂ ಅವಳೇ ಉತ್ತರ ಕೊಟ್ಟು, ಆಮೇಲೆ ತನ್ನ ಮಾಸ್ಕು ಇಳಿಸಿ ನನಗೆ ಹೇಳುತ್ತಿದ್ದಳು. ಎಂದಿನಿಂದ ಹೀಗೆ ಎಂದು ಅವರು ಕೇಳಿದರಂತೆ. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಎಂದಳಂತೆ ಇವಳು. ಆ ಮಗಳಿಗೆ ಈಗ ಮಕ್ಕಳಿವೆ!

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಮಗ್ಗ ಬಿಡ್ತಿದ್ರೇನು? ಬಿಟ್ರ ಮನಿ ಹ್ಯಾಂಗ ನಡೀತಿತ್ತು?"

ಒಲೆಯ ಮೇಲಿನದನ್ನು ಬಿಟ್ಟು ಬಂದು ಎದುರು ನಿಂತು ಮಾತಾಡುವುದು ಅವಳ ಹಳೆಯ ರೂಢಿ. ಗಂಡನ ಮುಖಕ್ಕೆ ಮುಖ ಕೊಡುತ್ತಾಳೆಂದು ನಮ್ಮವ್ವ ಅದಕ್ಕಾಗಿ ಅವಳನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ನನಗೆ ತುಟಿ ಕಾಣಲೆಂದು ಹಾಗೆ ನಿಲ್ಲುತ್ತೇನೆಂದು ಅವಳು ಒಂದು ದಿನವೂ ಹೇಳಲಿಲ್ಲ.

ಹೋದ ಕಿವಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಬಿಪಿ, ನಿದ್ದೆಗೇಡು, ಈ ಮುಂಗೋಪ, ಎಲ್ಲದರಲ್ಲೂ ಮಗ್ಗದ ಸದ್ದಿನ ಪಾಲಿದೆಯಂತೆ. ಸಿಟ್ಟು ನಮ್ಮ ಮನೆತನದ್ದೆಂದು ನಾನು ಹೆಮ್ಮೆ ಪಡುತ್ತಿದ್ದೆ. ಶೆಡ್ಡಿನಲ್ಲಿ ಕಿವಿಗೆ ಹಾಕಿಕೊಳ್ಳಲು ಬಿರಡೆ, ಮನೆಯಲ್ಲಿ ಹಾಕಿಕೊಳ್ಳಲು ಕೇಳುವ ಮಷಿನ್ನು ಕೊಟ್ಟರು.

ಮಷಿನ್ನು ಹಾಕಿಕೊಂಡು ಬಸ್ಸು ಹತ್ತಿದೆ. ನಡುದಾರಿಯ ಹಾತಕಣಂಗಲೆ ದಾಟುವವರೆಗೂ ಹಾರ್ನುಗಳು ತಲೆ ತಿಂದವು. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಅಂಗಿ ಕಳೆಯುತ್ತಿದ್ದಾಗ ಬೆನ್ನ ಹಿಂದೆ ಯಾರೋ, "ಚಹಾ ಮಾಡ್ಲೇನ್ರಿ?" ಎಂದರು. ಒಡೆದ, ಗೊಗ್ಗರು ದನಿ. ನೆರೆಮನೆಯ ಮುದುಕಿ ಬಂದಿರಬೇಕೆಂದು ತಿರುಗಿದೆ. ಇದ್ದವಳು ಇವಳೊಬ್ಬಳೇ.

"ನಿನ್ನ ದನಿಗೆ ಏನಾತು?"

"ಏನಾಗೂದು? ಇಷ್ಟ್ ವರ್ಷ ನಿಮಗ ಕೇಳಲಿ ಅಂತ ಒದರಿ ಒದರಿ ಹಿಂಗಾಗೈತಿ."

ಮದುವೆಯಾದ ಹೊಸದರಲ್ಲಿ ಕೇಳಿದ್ದ ದನಿಯೇ ಅವಳದೆಂದು ನಾನು ಇಷ್ಟು ದಿನ ನಂಬಿಕೊಂಡಿದ್ದೆ. ಕಣ್ಣು ತುಂಬಿ ಬಂತು, ನಾಚಿಕೆಯಾಗಲಿಲ್ಲ. ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.

"ಇನ್ನ ಒದರಬ್ಯಾಡ" ಎಂದೆ. "ಮೆಲ್ಲಕ ಮಾತಾಡು. ನಾ ಕೇಳ್ತೇನಿ."