ಭಾಲ್ಕಿಯ ವಿಡಿಯೋ ಮಾಣಿಕಪ್ಪ

ಮದುವೆ ಮನೆಯಲ್ಲಿ ಊಟದ ಪಂಕ್ತಿ ಕೂತ ಕೂಡಲೇ ಮಾಣಿಕಪ್ಪನವರು ಕ್ಯಾಮೆರಾದ ಮೇಲೆ ಟವೆಲ್ ಹೊದಿಸಿಬಿಡುತ್ತಿದ್ದರು. ಬೇರೆ ವಿಡಿಯೋದವರು ತುತ್ತು ಎತ್ತಿದವರ ಮುಖಕ್ಕೇ ಬಿಸಿ ಲೈಟು ಹಿಡಿಯುತ್ತಿದ್ದರು. ಇವರು ಮಾತ್ರ ಯಾರು ಹೇಳಿದರೂ ಆ ಟವೆಲ್ ತೆಗೆಯುತ್ತಿರಲಿಲ್ಲ. ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ನೀಲಿ ಪರದೆ ಕಟ್ಟಿದ ಒಂದೇ ಕೋಣೆ ಅವರ ಸ್ಟುಡಿಯೋ. ಎತ್ತರದ ಆಳು. ವರ್ಷಗಟ್ಟಲೆ ಕ್ಯಾಮೆರಾ ಹೊತ್ತು ಬಲಭುಜ ಜಗ್ಗಿತ್ತು. ಬರಿಗೈಯಲ್ಲಿ ನಡೆಯುವಾಗಲೂ ಏನೋ ಹೊತ್ತವರಂತೆ ಕಾಣುತ್ತಿದ್ದರು.

ನನ್ನ ತಂಗಿ ಸುನೀತಾಳ ಮದುವೆ ಗೊತ್ತಾದದ್ದು ಮಳೆ ಮೇಲಿಂದ ಮೇಲೆ ಕೈಕೊಟ್ಟ ವರ್ಷಗಳಲ್ಲಿ. ಔರಾದದ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಜನ ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಅಪ್ಪನ ಬಟ್ಟೆ ಅಂಗಡಿಯಲ್ಲಿ ವ್ಯಾಪಾರ ಅಷ್ಟಕ್ಕಷ್ಟೇ. ನಾನು ಭಾಲ್ಕಿಯಲ್ಲಿ ಶಿಕ್ಷಕಿಯಾಗಿದ್ದೆ. ವಿಡಿಯೋದವರನ್ನು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪನ ತಮ್ಮ, ಕಾಕಾ, ನನ್ನನ್ನು ಬೀದರಿನ ದೊಡ್ಡ ಸ್ಟುಡಿಯೋ ಒಂದಕ್ಕೆ ಕರೆದೊಯ್ದರು. ಅಲ್ಲಿ ತೋರಿಸಿದ ಕ್ಯಾಸೆಟ್ಟಿನಲ್ಲಿ ಮದುಮಕ್ಕಳು ಗುಲಾಬಿ ಹೂವಿನೊಳಗಿಂದ ಹೊರಬರುತ್ತಿದ್ದರು. ಅವರು ಹೇಳಿದ ರೇಟಿನ ಅರ್ಧಕ್ಕೂ ಅಪ್ಪ ತೆಗೆದಿಟ್ಟ ಹಣ ಸಾಲುತ್ತಿರಲಿಲ್ಲ.

ಮರುದಿನ ಕಾಕಾನ ಜೊತೆಗೇ ಮಾಣಿಕಪ್ಪನವರ ಹತ್ತಿರ ಹೋದೆ. ನಾನು ರೇಟು ಕೇಳಿದರೆ ಅವರು ನೀರಿನ ವ್ಯವಸ್ಥೆ ಏನೆಂದು ಕೇಳಿದರು. ಇನ್ನೂ ಆಗಿಲ್ಲ ಎಂದೆ.

“ಮೊದಲ ಎರಡು ಟ್ಯಾಂಕರ್ ಹೇಳ್ರಿ ಅಕ್ಕೋರ. ಉಳದ ರೊಕ್ಕದಾಗ ನಾ ಬರ್ತೇನಿ. ಒಂದೇ ಕ್ಯಾಮೆರಾ, ಹೂವು-ಗೀವು ಇಲ್ಲ. ಮತ್ತ ಊಟ ಮಾಡೋರದು ತೆಗಿಯಲ್ಲರಿ, ಈಗೇ ಹೇಳ್ತೇನಿ. ಈ ಬರದಾಗ ಯಾರು ಎಷ್ಟು ಹಸ್ದು ಬಂದಿರ್ತಾರ, ಅದು ಕ್ಯಾಸೆಟ್ನ್ಯಾಗ ಯಾಕ ಬೇಕ್ರಿ?”

ಕಾಕಾ ಮುಖ ಗಂಟಿಕ್ಕಿಕೊಂಡರು. ಮನೆಯಲ್ಲಿ ಇದನ್ನು ಕೇಳಿದ ಅಪ್ಪ ಮಾತ್ರ ಇವರನ್ನೇ ಗೊತ್ತುಮಾಡು ಎಂದರು.

ಮದುವೆಯ ದಿನ ಬೆಳಿಗ್ಗೆ ಔರಾದದ ಮನೆಯ ಅಂಗಳದಲ್ಲಿ ಮದುಮಗಳನ್ನು ಮಣೆಯ ಮೇಲೆ ಕೂರಿಸಿ ಸುರಗಿ ನೀರು ಹಾಕಿದ್ದಾಯಿತು. ಅಕ್ಷತೆ ಬೀಳುವ ಅಕ್ಕಿಕಾಳಿನ ಮುಹೂರ್ತಕ್ಕೆ ಸುನೀತಾಳನ್ನು ಅಲಂಕರಿಸಲು ಕೂತಾಗ ಬೋರಮಾಳ ಸರ ಇರಲಿಲ್ಲ. ಹಿಂದಿನ ದಿನವಷ್ಟೇ ಗಂಡಿನವರು ಅವಳ ಕೊರಳಿಗೆ ಹಾಕಿದ್ದ ಬಂಗಾರ. ಪೆಟ್ಟಿಗೆ, ಹಾಸಿಗೆ ಎಲ್ಲ ತಡಕಿದೆವು. ಯಾರು ಮೊದಲು ಅಂದರೋ ಗೊತ್ತಿಲ್ಲ, ಶಾಂತಾಬಾಯಿಯ ಹೆಸರು ಬಂತು. ಓಣಿಯ ಕೊನೆಯ ಮನೆಯವಳು. ಹೈದರಾಬಾದಿನಲ್ಲಿ ಕಲ್ಲು ಹೊರುತ್ತಿದ್ದವಳು ಈ ಮದುವೆಗೆಂದೇ ಬಂದು ರೊಟ್ಟಿ ಬಡಿಯುತ್ತಿದ್ದಳು. ಮಾತು ಕಿವಿಗೆ ಬಿದ್ದದ್ದೇ ಅವಳು ತನ್ನ ಗಂಟನ್ನು ತಂದು ಎಲ್ಲರ ಮುಂದೆ ಬಿಚ್ಚಿದಳು. ಎರಡು ಸೀರೆ, ಒಂದು ಬಾಚಣಿಕೆ, ಮಗನಿಗೆ ಕೊಂಡ ಹೊಸ ಅಂಗಿ. ಬೇಡ ಎನ್ನಬೇಕಿದ್ದ ನಾನೂ ಬಗ್ಗಿ ನೋಡಿದೆ.

ಮಾಣಿಕಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. “ಅರ್ಧ ತಾಸು ಯಾರಿಗೂ ಏನೂ ಅನಬ್ಯಾಡ್ರಿ” ಎಂದಷ್ಟೇ ಹೇಳಿ ಅಪ್ಪನ ಅಂಗಡಿಯೊಳಗೆ ಹೋಗಿ ಬೆಳಗಿನ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸುತ್ತ ಕೂತರು. ಸ್ವಲ್ಪ ಹೊತ್ತಿಗೆ ನನ್ನನ್ನು ಒಳಗೆ ಕರೆದರು. ಕ್ಯಾಮೆರಾದ ಸಣ್ಣ ಕಿಂಡಿಗೆ ಕಣ್ಣು ಹಚ್ಚಿದೆ. ಕಪ್ಪು ಬಿಳುಪಿನಲ್ಲಿ ಸುರಗಿಯ ಮಣೆ, ಹೆಂಗಸರು, ಹಾಡು. ನನ್ನ ಸೋದರತ್ತೆ ನೀರಿಗೆ ಕಣ್ಣು ಮುಚ್ಚಿ ಕೂತಿದ್ದ ಸುನೀತಾಳ ಕೊರಳಿನಿಂದ, ಅವಳಿಗೂ ಗೊತ್ತಾಗದಂತೆ, ಸರ ಬಿಚ್ಚಿ, ಒದ್ದೆಯಾಗದಿರಲೆಂದು ಪಕ್ಕದಲ್ಲಿದ್ದ ಉಡಿ ತುಂಬಲು ಕಟ್ಟಿಟ್ಟಿದ್ದ ಅಕ್ಕಿಯ ಗಂಟಿನೊಳಗೆ ತೂರಿಸುತ್ತಿದ್ದರು. ಆಗಲೇ ಅತ್ತೆಗೆ ಎಪ್ಪತ್ತು ದಾಟಿತ್ತು. ಬೆಳಿಗ್ಗೆ ಚಹಾ ಕುಡಿದದ್ದನ್ನೂ ಮರೆಯುತ್ತಿದ್ದರು.

ಎಲ್ಲರನ್ನೂ ಕರೆದು ಇದನ್ನು ತೋರಿಸುತ್ತೇನೆ ಎಂದೆ. ಮಾಣಿಕಪ್ಪನವರು ಕ್ಯಾಮೆರಾ ಆರಿಸಿದರು.

“ಮುದಕಿ ಮರ್ತಾರ, ಕದ್ದಿಲ್ಲ. ಒಬ್ಬಾಕಿ ಮಾನ ಉಳಿಸ್ಲಿಕ್ಕ ಇನ್ನೊಬ್ಬಾಕಿದು ಯಾಕ ತೆಗೀತೀರಿ? ಹುಡುಕಿದ್ರ ಸಿಕ್ತು ಅನ್ರಿ. ಆದ್ರ ಶಾಂತಾಬಾಯಿಗೆ ಎಲ್ಲರ ಮುಂದ ತಪ್ಪಾಯ್ತು ಅನ್ರಿ. ಅದು ಬಿಡಬ್ಯಾಡ್ರಿ.”

ಹಾಗೆಯೇ ಮಾಡಿದೆವು. ಅಕ್ಕಿಯೊಳಗೆ ಕೈ ಹಾಕಿದರೆ ಬೋರಮಾಳದ ಗುಂಡುಗಳು ಬೆರಳಿಗೆ ಸಿಕ್ಕವು. ನಾವೇ ಇಟ್ಟು ನಾವೇ ಮರೆತಿದ್ದೆವು ಎಂದು ಹೇಳಿ, ಅಪ್ಪ ಬೀಗರ ಎದುರಿಗೇ ಶಾಂತಾಬಾಯಿಗೆ ಕೈ ಮುಗಿದರು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಆಮೇಲೆ ಎದ್ದು, ಬೋರಮಾಳವನ್ನು ತಾನೇ ಸುನೀತಾಳಿಗೆ ಹಾಕುತ್ತೇನೆಂದಳು. ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿತ್ತು. ಆ ಸಂಜೆ ನಾನು ಉಂಡಷ್ಟು ಹೋಳಿಗೆ ಮತ್ತೆಂದೂ ಉಂಡಿಲ್ಲ. ಕ್ಯಾಸೆಟ್ಟು ಕೈಗೆ ಬಂದಾಗ ಅದರಲ್ಲಿ ಸುರಗಿ ಇತ್ತು, ಹಾಡೂ ಇತ್ತು, ಅತ್ತೆಯ ಕೈ ಮಾತ್ರ ಇರಲಿಲ್ಲ.

ಮರುವರ್ಷವೂ ಮಳೆ ಬರಲಿಲ್ಲ. ಮದುವೆಗಳು ಕಡಿಮೆಯಾಗಿ ಮಾಣಿಕಪ್ಪನವರು ಕ್ಯಾಮೆರಾ ಮಾರಿ ಸ್ಟುಡಿಯೋ ಮುಚ್ಚಿದರು. ಅವರು ಬೀದರ ಹತ್ತಿರದ ಕೊಳಾರದ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದ್ದಾರೆಂದು ಕೇಳಿ ಮರುಕಪಟ್ಟಿದ್ದೆ. ಕೆಲವು ತಿಂಗಳ ನಂತರ ನಾನು ಔರಾದದ ಬಸ್ಸಿಗೆ ಕಾಯುತ್ತಿದ್ದಾಗ ಬೀದರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಮೈ ತುಂಬಿಕೊಂಡಿದ್ದರು. ಕ್ಯಾಮೆರಾ ಮಾರಿದ ಬಗ್ಗೆ ಹೇಗೆ ಕೇಳುವುದೆಂದು ನಾನು ತಡವರಿಸುತ್ತಿದ್ದಾಗ ಅವರೇ ಹೇಳಿದರು.

“ಇಪ್ಪತ್ತು ವರ್ಷ ಅಂಜಿಕೊಂಡೇ ಮದುವಿ ತೆಗದೇನ್ರಿ ಅಕ್ಕೋರ. ರೀಲು ಹರದ್ರ ಹ್ಯಾಂಗ, ಬ್ಯಾಟ್ರಿ ಸತ್ರ ಹ್ಯಾಂಗ. ಅಕ್ಕಿಕಾಳು ಎರಡು ಸಲ ಬೀಳಂಗಿಲ್ಲ ನೋಡ್ರಿ. ಈಗ ಚೀಲ ಎಣಸ್ತೇನಿ. ತಪ್ಪಿದ್ರ ಮತ್ತೊಮ್ಮೆ ಎಣಸ್ತೇನಿ.”

ಭಾಲ್ಕಿಯ ಬಸ್ಸು ಬಂತು. ಕಿಟಕಿ ಪಕ್ಕ ಜಾಗ ಹಿಡಿದು ಅವರು ನನಗೆ ಕೈ ಎತ್ತಿದರು. ಕಂಡಕ್ಟರ್ ಇನ್ನೂ ಜನರನ್ನು ಕೂಗುತ್ತಿದ್ದ. ನಾನು ಮತ್ತೇನೋ ಹೇಳಬೇಕೆಂದು ಹತ್ತಿರ ಹೋದೆ. ಅಷ್ಟರಲ್ಲಿ ಅವರು ಕಿಟಕಿಯ ಸರಳಿಗೆ ತಲೆಯಾನಿಸಿ, ಬಾಯಿ ತುಸು ತೆರೆದು, ಗಾಢ ನಿದ್ದೆಗೆ ಜಾರಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಆಮೇಲೆ ನಾನು ಅವರನ್ನು ನೋಡಲಿಲ್ಲ.