ನಾಯಿಯ ಪಥ್ಯ

ಶಿರಾಳಕೊಪ್ಪದಲ್ಲಿ ನಾನು ಸ್ವಂತ ದುಡಿಮೆಯಿಂದ ಹಾಕಿದ ಸೈಕಲ್ ಅಂಗಡಿಯ ಪಕ್ಕ ಗೋಣಿಚೀಲದ ವ್ಯಾಪಾರಿಯೊಬ್ಬರಿದ್ದರು. ಅವರ ನಾಯಿ ಚೀಲದ ರಾಶಿಯಲ್ಲಿ ಇಲಿ ಹಿಡಿದರೆ ಸಾಕು, ಎದ್ದು ಸಲಾಮು ಹೊಡೆದು, "ನಮ್ಮ ಸಾಹೇಬ್ರು ಡ್ಯೂಟಿ ಮ್ಯಾಲೆ ಅದಾರ್ರೀ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ನಾಯಿ ಊಟ ಬಿಟ್ಟಿತು, ಕಣ್ಣು ಅರಿಶಿನವಾಯಿತು. ದನದ ಡಾಕ್ಟರು ನೋಡಿ, "ಇಲಿ ಉಚ್ಚೆಯಿಂದ ಬಂದ ಕಾಮಾಲೆ ರೀ ಇದು. ನಾಯಿ ಉಚ್ಚೇಲೂ ಆ ರೋಗ ಇರ್ತದೆ, ಬರಿಗೈಲಿ ಮುಟ್ಟಬೇಡಿ" ಎಂದರು. ಇವರ ಕಿವಿಗೆ ಬಿದ್ದದ್ದು ಕಾಮಾಲೆ ಎಂಬುದೊಂದೇ.

ಕಾಮಾಲೆ ಎಂದರೆ ನಮ್ಮ ಕಡೆ ಸೊರಬದ ಸೊಪ್ಪಿನ ಔಷಧಿ. ಕೊಡುವ ಅಜ್ಜಿ, "ಉಪ್ಪು ಬಿಡದಿದ್ರೆ ಔಷಧಿ ಹತ್ತಲ್ಲ. ನಾಯಿ ಎಲ್ಲಿ ಪಥ್ಯ ಮಾಡ್ತದೆ ಮಾರಾಯಾ?" ಎಂದು ನಕ್ಕಳಂತೆ. "ಅದರ ಪಥ್ಯ ನಾ ಮಾಡ್ತೀನಿ ಬಿಡವ್ವ" ಎಂದು ಇವರು ಔಷಧಿ ತಂದರು.

ಅಂದಿನಿಂದ ಅವರಿಗೆ ಸಪ್ಪೆ ಗಂಜಿ. ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ರಸ ಕುಡಿಸುವರು, ಅದು ಉಚ್ಚೆ ಹೊಯ್ದರೆ ಚೀಲ ಹೊಲಿದು ಬಿರಿದ ಕೈಯಲ್ಲೇ ಒರೆಸುವರು. "ಡಾಕ್ಟ್ರು ಹೇಳಿದ್ದು ಮರೆತ್ರಾ?" ಎಂದು ನಾನು ಗದರಿದರೆ, "ಪಥ್ಯದಾಗೆ ಇದೀನಲ್ಲೋ, ನನಗೇನಾಗ್ತತಿ?" ಎನ್ನುವರು.

ನಾಯಿ ಸತ್ತಿತು. ವಾರ ಕಳೆಯುವುದರಲ್ಲಿ ಅವರ ಕಣ್ಣೂ ಹಳದಿಯಾಯಿತು. ನಾನೇ ಹೊತ್ತು ಶಿವಮೊಗ್ಗದ ಬಸ್ಸು ಹತ್ತಿಸಿ ಪಕ್ಕದಲ್ಲಿ ಕೂತೆ. ಮೈ ಕೆಂಡವಾಗಿತ್ತು. ನನ್ನ ಕೈ ಹಿಡಿದು, "ಉಪ್ಪು ಮುಟ್ಟಿಲ್ಲೋ ತಮ್ಮಾ. ಎಲ್ಲಿ ತಪ್ಪಿದೆ, ಹೇಳು" ಎಂದು ಕೇಳಿದರು. ಆಗ ಹೇಳಿ ಏನು ಫಲ?

"ತಪ್ಪಿಲ್ಲ ಬಿಡ್ರಿ, ಸರಿಯಾಗೇ ಮಾಡೀರಿ" ಎಂದೆ.

ಆಸ್ಪತ್ರೆ ಮುಟ್ಟುವ ಮೊದಲೇ ಆ ಕೈ ತಣ್ಣಗಾಯಿತು.